ದಪ್ಪ ಬಟ್ಟೆಯ ಗಾಳಿಚೀಲ

"ಹುಡುಗಿ ಹೆದರಿ ಹಿಡಿತ ಕಳೆದುಕೊಂಡಳು" ಎಂದು ಟೈಪು ಮಾಡಿದ್ದ ವರದಿಯನ್ನು ಶೈಲಶ್ರೀ ಎರಡು ಸಲ ಓದಿದಳು. ಎಡಗೈ ಪ್ಲಾಸ್ಟರಿನಲ್ಲಿತ್ತು, ಸಹಿ ಮಾಡುವ ಬಲಗೈ ಗಟ್ಟಿಮುಟ್ಟಾಗಿಯೇ ಇತ್ತು. ಆದರೂ ಪೆನ್ನು ಮುಟ್ಟಲಿಲ್ಲ.

೧೯೯೭ರ ಮೇ ತಿಂಗಳು. ಪುಣೆಯ ಹೊರಗಿನ ಗ್ಲೈಡಿಂಗ್ ಕ್ಲಬ್ಬಿನಲ್ಲಿ ಮೂರು ದಿನದ ಹಿಂದೆ ಆಕೆ ಒಬ್ಬಳೇ ಇಳಿಸುತ್ತಿದ್ದ ಗ್ಲೈಡರು, ಎಂಜಿನ್ನಿಲ್ಲದ ಆ ಪುಟ್ಟ ವಿಮಾನ, ಬೀಸುಗಾಳಿ ಒಮ್ಮೆಲೇ ನಿಂತಾಗ ಧೊಪ್ಪನೆ ಬಿದ್ದು ರೆಕ್ಕೆ ಮುರಿದುಕೊಂಡಿತ್ತು. ಹೋದ ವರ್ಷ ಜೊತೆಗೆ ಕಲಿಯುವ ಸ್ವಪ್ನಿಲ್ ಗ್ಲೈಡರನ್ನು ಬೇಲಿಗೆ ನುಗ್ಗಿಸಿದಾಗ ವರದಿಯಲ್ಲಿ ತಪ್ಪೆಲ್ಲ ಗಾಳಿಯದು. ಈಕೆ ಹುಡುಗಿ, ಹೆದರಿರಲೇಬೇಕು!

"ಸಹಿ ಮಾಡವಾ, ಮುಗದ ಹೋಗ್ತದ," ಎಂದರು ಕಲಿಸುವ ಪ್ರಲ್ಹಾದ ಸರ್.

"ಮಾಡಿದ್ರ ಮತ್ತ ಒಬ್ಬಾಕಿಗೇ ಹಾರಾಕ ಬಿಡ್ತೀರೇನ್ರಿ?"

ಸರ್ ವರದಿಯನ್ನು ಆಕೆಯ ಕಡೆ ಇನ್ನಷ್ಟು ಸರಿಸಿದರು. ಆಕೆಗೆ ಮೈಯೆಲ್ಲ ಉರಿದುಹೋಯಿತು.

ಮೇಜಿನ ಮೇಲಿನ ಕಾಗದಗಳು ಗಾಳಿಗೆ ಪಟಪಟನೆ ಬಡಿದುಕೊಳ್ಳುತ್ತಿದ್ದವು. ಕಿಟಕಿಯಾಚೆ, ಗಾಳಿಯ ಬಿರುಸು ನೋಡಲೆಂದು ಕಂಬಕ್ಕೆ ಕಟ್ಟಿದ ಬಟ್ಟೆಯ ಚೀಲ ಮಾತ್ರ ಜೋತುಬಿದ್ದಿತ್ತು. ತೆಳು ಚೀಲ ವರ್ಷವರ್ಷ ಹರಿಯುತ್ತದೆಂದು ಲಕ್ಷ್ಮಿ ರಸ್ತೆಯ ಬಟ್ಟೆ ವ್ಯಾಪಾರಿ ಶಿವಪುತ್ರಪ್ಪ, ಆಕೆಯ ಅಪ್ಪ, ಡೇರೆಯ ದಪ್ಪ ಬಟ್ಟೆಯಿಂದ ಹೊಲಿಸಿಕೊಟ್ಟದ್ದು ಅದು. ಕ್ಲಬ್ಬಿನವರು ಅವನಿಗೆ ಶಾಲು ಹೊದಿಸಿದ್ದರು. ಈಗ ಆತ ಮಗಳ ಪಕ್ಕದಲ್ಲೇ ಕುಳಿತಿದ್ದ.

ಹೇಳಿದರೆ ಅಪ್ಪನ ಮಾನ ಹೋಗುತ್ತದೆ, ಹೇಳದಿದ್ದರೆ ಆಕಾಶವೇ ಹೋಗುತ್ತದೆ.

"ನಾ ಅಂಜಿಲ್ಲರಿ," ಎಂದಳು. "ಗಾಳಿ ಹಿಂಗ ಬಿಟ್ಟು ಬಿಟ್ಟು ಬೀಸುವಾಗ ವೇಗ ಜಾಸ್ತಿ ಇಟ್ಕೊಂಡು ಇಳೀಬೇಕಂತ ನೀವ ಕಲಿಸೀರಿ. ಗ್ಲೈಡರ್ ಜಗ್ಗಾಡೋದು ಕೈಗೆ ತಿಳೀತಿತ್ತು. ಆದ್ರ ಚೀಲ ಈಗಿನಂಗ ಜೋತುಬಿದ್ದಿತ್ತು, ದಪ್ಪ ಬಟ್ಟಿ ಈ ಗಾಳಿಗೆ ಏಳೂದಿಲ್ಲ. ನನ್ನ ಕೈ ನಂಬೂದು ಬಿಟ್ಟು ಅಪ್ಪನ ಬಟ್ಟಿ ನಂಬಿದೆ, ವೇಗ ಇಟ್ಕೊಳ್ಳಲಿಲ್ಲ. ಅದು ನನ್ನ ತಪ್ಪು. ಅದನ್ನ ಬರೀರಿ."

ಶಿವಪುತ್ರಪ್ಪನ ಮುಖ ಕಪ್ಪಿಟ್ಟಿತು. ಎದ್ದು ಹೊರಗೆ ಹೋದ. ಮುನಿಸಿಕೊಂಡು ಮನೆಗೇ ಹೊರಟನೆಂದು ಶೈಲಶ್ರೀ ಅಂದುಕೊಂಡಳು. ಆದರೂ ಪೆನ್ನೆತ್ತಿ, ಹೆದರಿದಳು ಎಂಬ ಸಾಲನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿದಳು. ಕೆಳಗೆ ತಾನು ಹೇಳಿದ್ದನ್ನೇ ಬರೆದು ಸಹಿ ಮಾಡಿದಳು.

ಅಷ್ಟರಲ್ಲಿ ಅಪ್ಪ ಏದುಸಿರು ಬಿಡುತ್ತ ಒಳಬಂದ. ಕಂಬದಿಂದ ಇಳಿಸಿದ ಚೀಲವನ್ನು ಸರ್ ಮುಂದೆ ಹಾಕಿದ.

"ಬಟ್ಟಿ ನಂದು ಅಂತ ನನ್ನ ಹೆಸರೂ ಬರ್ಕೋರಿ," ಎಂದ. ಮಗಳ ಕಡೆ ತಿರುಗಿದ. "ನಾಳೆ ತೆಳ್ಳಂದು ಹೊಲಸ್ತೀನಿ. ಹರಿದ್ರ ಹರೀಲಿ. ನೀ ಹಾರೂತನಾ ಹೊಲಸ್ತೀನಿ."