ನಾಲ್ಕನೇ ತುಕಡಿ

"ಅವರನ್ನ ಹಿಂದೆ ಯಾಕಿಟ್ಟೆ? ಮುಂದೆ ತಾ," ಎಂದರು ಮೇಷ್ಟ್ರು.

ಅವರ ಹೆಂಡತಿ ಕಿವಿಗೇ ಬೀಳದವಳಂತೆ ಆಟಿಕೆ ಸೈನಿಕರ ಇನ್ನೊಂದು ಬಿಲ್ಲೆಯನ್ನು ರಟ್ಟಿನ ಗುಡ್ಡದ ಹಿಂದಕ್ಕೆ ಸರಿಸಿದಳು. "ಇರ್ಲಿ ಬಿಡ್ರೀ. ಹೊಂಚು ಹಾಕ್ಕೊಂಡು ಕೂತಿದಾರೆ ಅನ್ಕೊಳ್ಳಿ."

"ಹೊಂಚು ಹಾಕೋರ್ನ ಯಾರಾದ್ರೂ ಪ್ರದರ್ಶನಕ್ಕೆ ಇಡ್ತಾರೇನೇ? ನಾಲ್ಕನೇ ತುಕಡಿ ಮುಂದೆ ಬರ್ಬೇಕು, ಅಷ್ಟೇ."

ಹಾಗೆ ಹೇಳಿದ ಮೇಲೆ ಆಕೆ ಮಾಡುವುದೇನಿತ್ತು? ಹದಿನೆಂಟು ಬಿಲ್ಲೆಗಳೂ ಒಂದೊಂದಾಗಿ ಗುಡ್ಡದ ಮರೆಯಿಂದ ಹೊರಬಂದು ಮೇಜಿನ ಮೇಲಿನ ಹಲಗೆಯ ಅಂಚಿನಲ್ಲಿ, ಕಿಟಕಿಯ ಬೆಳಕು ನೆಟ್ಟಗೆ ಬೀಳುವ ಜಾಗದಲ್ಲೇ ಸಾಲಾಗಿ ನಿಂತವು. ಮೇಷ್ಟ್ರು ಎರಡೂ ಕಣ್ಣಿನ ಪೊರೆ ತೆಗೆಸಿ ಒಂದೂವರೆ ತಿಂಗಳು, ಹೊಸ ಕನ್ನಡಕ ಬಂದು ಮೂರೇ ದಿನ. ಕನ್ನಡಕದಂಗಡಿಯವನು ಹತ್ತು ದಿನ ಬೇಕು ಎಂದದ್ದನ್ನು ನಂಬಿ ಆಕೆ ನೆಮ್ಮದಿಯಾಗಿದ್ದಳು. ಆ ಪುಣ್ಯಾತ್ಮ ನಾಲ್ಕೇ ದಿನಕ್ಕೆ ಕೊಟ್ಟುಬಿಟ್ಟಿದ್ದ. ಬೇಡದ ಹೊತ್ತಿನಲ್ಲೇ ಜನಕ್ಕೆ ಎಲ್ಲಿಲ್ಲದ ಚುರುಕು ಬರುತ್ತದೆ.

ಸೈನ್ಯವೆಂದರೆ ಅಂತಿಂಥ ಸೈನ್ಯವಲ್ಲ. ಒಬ್ಬೊಬ್ಬ ಸೈನಿಕ ಒಂದು ಅಕ್ಕಿಕಾಳಿನಷ್ಟು ಉದ್ದ. ಸೀಸದ ಅಚ್ಚು. ನಾಣ್ಯದಗಲದ ಬಿಲ್ಲೆಯೊಂದಕ್ಕೆ ಐದು ಜನರನ್ನು ಅಂಟಿಸಿದ್ದರು. ಇನ್ನೂ ಮುನ್ನೂರು ವರ್ಷಕ್ಕೆ ಆಚೆ ಯಾವುದೋ ಕೆಂಪು ಮಣ್ಣಿನ ಗ್ರಹದಲ್ಲಿ ನಡೆಯಲಿರುವ ಯುದ್ಧವಂತೆ. ಅದಕ್ಕೆ ನಾಲ್ಕು ತುಕಡಿ, ಮೂವತ್ತು ಟ್ಯಾಂಕು, ಹೆಬ್ಬೆರಳೆತ್ತರದ ಆರು ನಡೆದಾಡುವ ಯಂತ್ರಗಳು. ರಜಾದಿನಗಳಲ್ಲಿ ಗೆಳೆಯರು ಸೇರಿ ದಾಳ ಉರುಳಿಸಿ ಮೇಜಿನ ಮೇಲೆ ಯುದ್ಧ ಆಡುತ್ತಿದ್ದುದು ಹೌದಾದರೂ ಮೇಷ್ಟ್ರ ಜೀವವೆಲ್ಲ ಬಣ್ಣ ಹಚ್ಚುವುದರಲ್ಲಿತ್ತು. ಹೆಲ್ಮೆಟ್ಟಿನ ಗಾಜಿಗೆ ನೀಲಿ ಚುಕ್ಕೆ, ಭುಜಕ್ಕೆ ಕೂದಲೆಳೆಯಷ್ಟು ಬಿಳಿ ಗೆರೆ. ಹನ್ನೊಂದು ವರ್ಷ ಹಿಡಿದಿತ್ತು. ಆಕೆ ಇದನ್ನು ಇರುವೆ ಪಡೆ ಎಂದು ಕರೆಯುತ್ತಿದ್ದಳು. "ಸಕ್ಕರೆ ಡಬ್ಬಿ ಮುಚ್ಚಿಡ್ಬೇಕಾ, ನಿಮ್ಮೋರು ಬರ್ತಾರಾ?" ಎಂದು ಕೆಣಕುತ್ತಿದ್ದಳು.

ಅವರ ಕಸುಬು ಕಟ್ಟುಹಲ್ಲು ಮಾಡುವುದು. ಲ್ಯಾಬಿನಲ್ಲಿ ಹತ್ತಾರು ಜನಕ್ಕೆ ಕೆಲಸ ಕಲಿಸಿದ್ದರಿಂದ ಎಲ್ಲರ ಬಾಯಲ್ಲೂ ಮೇಷ್ಟ್ರು. ಒಬ್ಬರ ಹಲ್ಲಿನ ಬಣ್ಣ ಇನ್ನೊಬ್ಬರದಕ್ಕೆ ಹೊಂದುವುದಿಲ್ಲ. ಮಾಡಿದ ಹಲ್ಲನ್ನು ನಿಜವಾದ ಹಲ್ಲಿನ ಪಕ್ಕ ಕೂರಿಸಿದರೆ ಯಾವುದು ಹುಟ್ಟಿದ್ದು ಯಾವುದು ಕಟ್ಟಿದ್ದು ಎಂದು ಹೆತ್ತತಾಯಿಗೂ ಗೊತ್ತಾಗಬಾರದು ಎನ್ನುವುದು ಅವರ ಹಮ್ಮು. ಆಕೆಯ ಕಸುಬೂ ಅಂಥದ್ದೇ. ಹರಿದ ಬಟ್ಟೆಗೆ ಹರಿದದ್ದೇ ತಿಳಿಯದ ಹಾಗೆ ರಫು ಹಾಕುತ್ತಿದ್ದಳು. ಇಬ್ಬರೂ ಕಾಣದ ಕೆಲಸದವರು ಎಂದು ನೆಂಟರು ತಮಾಷೆ ಮಾಡುತ್ತಿದ್ದರು.

ಎರಡು ವರ್ಷದ ಹಿಂದೆ ಮೇಷ್ಟ್ರ ಕಣ್ಣು ಮಂಜಾಗತೊಡಗಿತು. ಅವರು ಒಪ್ಪಲಿಲ್ಲ. "ಈಗಿನ ಬಲ್ಬು ಸರಿ ಇಲ್ಲ," ಎಂದು ಒಂದಾದ ಮೇಲೊಂದರಂತೆ ನಾಲ್ಕು ಬಲ್ಬು ಬದಲಾಯಿಸಿದರು. ನಾಲ್ಕನೇ ತುಕಡಿಗೆ ಬಣ್ಣ ಹಚ್ಚಿದ್ದು ಆ ಕಾಲದಲ್ಲಿ. ಒಂದು ಬೆಳಿಗ್ಗೆ ಅವರು ಲ್ಯಾಬಿಗೆ ಹೋದ ಮೇಲೆ ಆಕೆ ಮೇಜು ಒರೆಸುತ್ತ ಒಂದು ಬಿಲ್ಲೆಯನ್ನು ಕಣ್ಣ ಹತ್ತಿರ ತಂದಳು. ಬಣ್ಣ ಎಲ್ಲೆಲ್ಲೋ ಬಿದ್ದಿತ್ತು. ಮುಂದಿನ ವಾರದಿಂದ ಅವರು ಹೊರಗೆ ಕಾಲಿಟ್ಟ ಕೂಡಲೇ ಆಕೆ ಕಿಟಕಿ ಪಕ್ಕ ಕುರ್ಚಿ ಎಳೆದುಕೊಂಡು, ಸ್ಪಿರಿಟ್ಟಿನಲ್ಲಿ ಹಳೆಯ ಬಣ್ಣ ತೊಳೆದು, ಅವರದೇ ಕುಂಚದಲ್ಲಿ ಹೊಸದಾಗಿ ಹಚ್ಚುತ್ತ ಹೋದಳು. ದಾರಕ್ಕೆ ದಾರ ಹೊಂದಿಸುವವಳಿಗೆ ಬಣ್ಣಕ್ಕೆ ಬಣ್ಣ ಹೊಂದಿಸುವುದು ಯಾವ ಮಹಾ ಕಷ್ಟ? ಅವರು ಸಂಜೆ ಬಂದು ಬಿಲ್ಲೆಯ ಮೇಲೆ ಬೆರಳಾಡಿಸಿ, "ನೋಡು, ಕಣ್ಣಿಗಿಂತ ಕೈಗೆ ಹೆಚ್ಚು ಗೊತ್ತು," ಎಂದಾಗ ಆಕೆ ಹೂಂಗುಟ್ಟಿದಳು. ತಪ್ಪು ಮಾಡುತ್ತಿದ್ದೇನೆ ಅನ್ನಿಸಿತ್ತು, ಆದರೆ ನಿಲ್ಲಿಸಲು ಮನಸ್ಸು ಬರಲಿಲ್ಲ. ಆಮೇಲೆ ಮೇಷ್ಟ್ರು ಕಾಲು ಜಾರಿ ಬಿದ್ದು, ಆಸ್ಪತ್ರೆಗೆ ಹೋಗಿ, ಪೊರೆ ಅಂತ ಗೊತ್ತಾಗಿ, ಅಂತೂ ಆಪರೇಷನ್ ಆಯಿತು. ಅಷ್ಟರಲ್ಲಿ ಆಕೆ ಪೆಟ್ಟಿಗೆಗಳಿಗೆಲ್ಲ ಟೇಪು ಸುತ್ತಿ ಅಟ್ಟಕ್ಕೆ ಹಾಕಿದ್ದಳು. "ಧೂಳು ತಾಗಬಾರ್ದು ಅಂದಿದಾರೆ ಡಾಕ್ಟ್ರು," ಎಂದು ಇವತ್ತಿನವರೆಗೂ ಬಿಚ್ಚಗೊಟ್ಟಿರಲಿಲ್ಲ.

ಈಗ ಬಿಚ್ಚಿಯಾಗಿತ್ತು. ಶಾಲೆಯೊಂದರ ಆಟದ ಹಾಲಿನಲ್ಲಿ ಮೂವತ್ತು ಮೇಜು, ಮೂವತ್ತು ಸೈನ್ಯ. ಮೇಷ್ಟ್ರು ಹೆಸರು ಕೊಟ್ಟದ್ದು ಬಣ್ಣದ ಸ್ಪರ್ಧೆಯ 'ಒಂದೇ ಕೈ' ಎಂಬ ವಿಭಾಗಕ್ಕೆ. ಮೊದಲ ಬಣ್ಣದಿಂದ ಕೊನೆಯ ಚುಕ್ಕೆಯವರೆಗೆ ಒಬ್ಬರದೇ ಕೆಲಸ ಎಂದು ಫಾರಂನಲ್ಲಿ ಸಹಿ ಹಾಕಬೇಕು. ಹಾಕಿದ್ದರು. ನಾಳೆಯಿಂದ ಲ್ಯಾಬಿಗೆ ಹೋಗುತ್ತೇನೆಂದೂ ಹೇಳಿ ಕಳಿಸಿದ್ದರು. ಕಣ್ಣು ಅರ್ಧ ಹೋದಾಗಲೇ ಇಂಥ ಕೆಲಸ ಮಾಡಿದ ಕೈ, ಇನ್ನು ಕಣ್ಣು ಬಂದ ಮೇಲೆ ಕೇಳಬೇಕೇ ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದರು. ಆಕೆಗೆ ಬಹುಮಾನ ಬಂದರೂ ಒಂದೇ, ಬರದಿದ್ದರೂ ಒಂದೇ. ಅವರಿಗೆ ಗೊತ್ತಾಗದಿದ್ದರೆ ಸಾಕಾಗಿತ್ತು.

ತೀರ್ಪುಗಾರರು ಹನ್ನೊಂದಕ್ಕೆ ಬಂದರು. ವಾಚು ರಿಪೇರಿಯ ಮುದುಕರು. ಅಂಗಡಿಯಲ್ಲಿ ಬಳಸುವ ಪುಟ್ಟ ಭೂತಗನ್ನಡಿಯನ್ನೇ ಕಣ್ಣಿಗೆ ಸಿಕ್ಕಿಸಿಕೊಂಡು ಮೇಜಿನ ಮೇಲೆ ಬಾಗಿ, ಉಸಿರು ತಾಗಿ ಯಾರೂ ಬೀಳದಿರಲೆಂದು ಬಾಯಿಗೆ ಕರವಸ್ತ್ರ ಹಿಡಿದರು.

"ಅಬ್ಬಬ್ಬಾ! ಇಷ್ಟು ಸಣ್ಣದ್ರಲ್ಲಿ ಹೆಲ್ಮೆಟ್ಟಿಗೂ ಹೊಳಪು ಕೊಟ್ಟಿದೀರಲ್ರೀ."

"ಅದು ಕಣ್ಣು ಕಾಣದಿದ್ದಾಗ ಮಾಡಿದ್ದು ಸಾರ್," ಎಂದರು ಮೇಷ್ಟ್ರು, ಎದೆ ಮುಂದೆ ಮಾಡಿ.

"ಹೌದಾ!" ಮುದುಕರು ಹಿಂದಿನ ಸಾಲು ನೋಡಿ, ಮುಂದಿನದು ನೋಡಿ, ಮತ್ತೆ ಹಿಂದಿನದು ನೋಡಿದರು. "ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಿಮ್ಮ ಗ್ರಹಕ್ಕೆ ಎರಡು ಸೂರ್ಯನಾ?"

"ಏನಂದ್ರಿ?"

"ಅಲ್ಲ, ಮೂರು ತುಕಡೀಲಿ ಬೆಳಕು ಎಡಗಡೆಯಿಂದ ಬಿದ್ದಿದೆ. ಬಿಳಿ ಗೆರೆಯೆಲ್ಲ ನಮ್ಮ ಎಡಕ್ಕಿರೋ ಭುಜದ ಮೇಲೆ. ಇದೊಂದ್ರಲ್ಲಿ ಬಲಗಡೆಯಿಂದ ಬಿದ್ದಿದೆ. ಒಬ್ಬನಲ್ಲ, ಅಷ್ಟೂ ಜನಕ್ಕೆ. ಗೊತ್ತಿದ್ದೇ ಮಾಡಿರ್ಬೇಕು ಅನ್ಕೊಂಡೆ."

ಆಕೆ ಬಣ್ಣ ಹೊಂದಿಸಿದ್ದಳು, ಗೆರೆಯ ದಪ್ಪ ಹೊಂದಿಸಿದ್ದಳು. ಬೆಳಕಿಗೂ ಒಂದು ದಿಕ್ಕಿರುತ್ತದೆ ಎಂಬುದು ತಲೆಗೇ ಹೊಳೆದಿರಲಿಲ್ಲ. ಎಡಗೈಯವಳು ಆಕೆ. ಕೈಯ ನೆರಳು ಕೆಲಸದ ಮೇಲೆ ಬೀಳಬಾರದೆಂದು ಯಾವಾಗಲೂ ಕಿಟಕಿಯನ್ನು ಬಲಕ್ಕೆ ಮಾಡಿಕೊಂಡೇ ಕೂರುವವಳು. ಕಂಡ ಬೆಳಕನ್ನು ಕಂಡ ಕಡೆ ಹಚ್ಚಿದ್ದಳು.

ಮೇಷ್ಟ್ರು ಬಾಗಿದರು. ಕನ್ನಡಕ ಮೂಗಿನ ತುದಿಗೆ ತಂದುಕೊಂಡು ಒಂದು ಬಿಲ್ಲೆ ಎತ್ತಿದರು. ಇಟ್ಟರು. ಇನ್ನೊಂದು. ಮೂರನೆಯದನ್ನು ಎತ್ತಿದವರು ಇಡಲೇ ಇಲ್ಲ. ಮುದುಕರು ಕೊಂಚ ಇರಿಸುಮುರಿಸಾಗಿ, "ಎರಡು ಸೂರ್ಯ ಅಂದ್ರೆ ಹಾಗೇ ಬರ್ಕೋತೀನಿ ಸಾರ್. ಗ್ರಹ ನಿಮ್ದು, ಕಥೆ ನಿಮ್ದು," ಎಂದರು.

ಹೂಂ ಅಂದುಬಿಡಿ, ನಿಮ್ಮ ದಮ್ಮಯ್ಯ, ಹೂಂ ಅಂದುಬಿಡಿ ಎಂದು ಆಕೆ ಒಳಗೊಳಗೇ ಗೋಗರೆದಳು.

ಮೇಷ್ಟ್ರು ತಲೆಯೆತ್ತಿ ನೋಡಿದ್ದು ಆಕೆಯ ಮುಖವನ್ನಲ್ಲ, ಸೆರಗಿನ ತುದಿ ಹಿಂಡುತ್ತಿದ್ದ ಎಡಗೈಯನ್ನು.

"ಸೂರ್ಯ ಒಂದೇ ಸಾರ್," ಎಂದರು. "ಕೈ ಎರಡು."

ಮುದುಕರು ಒಳ್ಳೆಯವರು, ಮಾತು ಬೆಳೆಸಲಿಲ್ಲ. ಫಾರಂ ಮೇಲೆ ಗೆರೆ ಎಳೆದು, ಸ್ಪರ್ಧೆಗಲ್ಲದೆ ಸುಮ್ಮನೆ ತೋರಿಸುವವರಿಗೆ ಬಾಗಿಲ ಹತ್ತಿರ ಮೇಜಿದೆ ಎಂದರು. ಗಂಡ ಹೆಂಡತಿ ಸೈನ್ಯ ಜೋಡಿಸಿದ್ದ ಹಲಗೆಯ ಆ ತುದಿ ಈ ತುದಿ ಹಿಡಿದು, ಒಂದು ಯಂತ್ರವೂ ಉರುಳದ ಹಾಗೆ, ಜನರ ನಡುವೆ ದಾರಿ ಕೇಳಿಕೊಂಡು ಹಾಲಿನ ಇನ್ನೊಂದು ತುದಿಗೆ ನಡೆದರು. "ನಿಧಾನ," ಎಂದರು ಮೇಷ್ಟ್ರು.

ಹಲಗೆ ಇಟ್ಟು ಇಬ್ಬರೂ ಹಿಂದಿನ ಕುರ್ಚಿಗಳಲ್ಲಿ ಕೂತರು.

"ಎಷ್ಟು ಜನಕ್ಕೆ ಹಚ್ಚಿದೆ?"

"ತೊಂಬತ್ತು. ಅಷ್ಟಕ್ಕೂ."

"ಅಷ್ಟು ಕೆಟ್ಟಿತ್ತಾ?"

"ಕೆಲವ್ರಿಗೆ ಕಣ್ಣು ಮಂಡಿ ಮೇಲಿತ್ತು."

ಮೇಷ್ಟ್ರು ನಗಲಿಲ್ಲ. "ಮತ್ತೆ ಆಗ ನಾನು ಮಾಡಿದ ಹಲ್ಲು?" ಎಂದರು.

"ಹಲ್ಲಿನ ವಿಷ್ಯ ನಂಗೇನ್ರೀ ಗೊತ್ತು?"

"ಗೊತ್ತು ನಿಂಗೆ. ಮುಖದ ಮೇಲೇ ಬರೆದಿದೆ. ಈಗ ನಂಗೆ ಚೆನ್ನಾಗಿ ಕಾಣುತ್ತೆ."

ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. "ಲ್ಯಾಬಲ್ಲಿ ನಿಮ್ಮ ಪಕ್ಕದ ಮೇಜಿನೋರು ಮನೆಗೆ ಬಂದಿದ್ರು," ಎಂದಳು. "ನೀವೇ ಕೆಲ್ಸ ಕಲಿಸಿದೋರು, ಅದೇ ಆಯಮ್ಮ. ಹಲ್ಲಿನ ಬಣ್ಣ ಹೊಂದ್ತಾ ಇಲ್ಲ ಅಂದ್ರು. ನೀವು ಊಟಕ್ಕೆ ಎದ್ದಾಗ ಅವರೇ ಸರಿ ಮಾಡ್ತಿದ್ರಂತೆ. ಒಂದು ವರ್ಷ. ಹೇಳೋಕೆ ಬಾಯಿ ಬರ್ತಿಲ್ಲ, ನೀವೇ ಹೇಳಿ ಅಂತ ಅತ್ರು. ನಂಗೂ ಬರ್ಲಿಲ್ಲ."

"ಅಂದ್ರೆ ಮನೇಲೂ ನಾಟಕ, ಅಲ್ಲೂ ನಾಟಕ. ನಡುವೆ ನಾನೊಬ್ಬ ಪೆದ್ದ, ಕೈಗೆ ಗೊತ್ತು, ಕೈಗೆ ಗೊತ್ತು ಅಂತ ಊರೆಲ್ಲ ಸಾರ್ಕೊಂಡು ಬಂದೆ."

"ಹೇಳಿದ್ರೆ ಕೇಳ್ತಿದ್ರಾ? ಇನ್ನೊಂದು ಬಲ್ಬು ತರ್ತಿದ್ರಿ." ಆಕೆ ಕುರ್ಚಿಯನ್ನು ಅವರ ಕಡೆ ತಿರುಗಿಸಿಕೊಂಡಳು. "ನಿಮ್ಮ ಮುಖ ಸಣ್ಣಗಾಗೋದು ನೋಡೋಕಾಗಲ್ಲ ನಂಗೆ. ಅದಕ್ಕೇ ಮಾಡಿದ್ದು. ಬೈಯೋದಾದ್ರೆ ಬೈರಿ, ಹೀಗೆ ಸುಮ್ನೆ ಕೂರ್ಬೇಡಿ."

ಅವರು ಬೈಯಲಿಲ್ಲ. ಸಿಟ್ಟಿರಲಿಲ್ಲವೆಂದಲ್ಲ, ಸಿಟ್ಟು ಬಂದಾಗ ಕೆಂಪಾಗುವ ಅವರ ಕಿವಿ ಕೆಂಪಾಗಿಯೇ ಇತ್ತು. "ಒಂದನ್ನಾದ್ರೂ ತೊಳೀದೆ ಬಿಟ್ಟಿದೀಯಾ?" ಎಂದು ಕೇಳಿದರು. "ನಾನು ಹಚ್ಚಿದ್ದು ಹೆಂಗಿತ್ತು ಅಂತ ಈ ಕಣ್ಣಲ್ಲಿ ನೋಡ್ಬೇಕು."

ಬಿಟ್ಟಿದ್ದಳು. ಮೊದಲ ದಿನ ನೋಡಿದ ಆ ಬಿಲ್ಲೆಯನ್ನು ತೊಳೆಯಲು ಯಾಕೋ ಕೈಯೇಳದೆ, ಡಬ್ಬಿಯಲ್ಲಿ ಮಿಕ್ಕಿದ್ದ ಬೇರೆ ಐದು ಜನಕ್ಕೆ ಬಣ್ಣ ಹಚ್ಚಿ ಲೆಕ್ಕ ಸರಿದೂಗಿಸಿದ್ದಳು. ಅದು ಆಕೆಯ ಕೈಚೀಲದಲ್ಲಿ, ಸೂಜಿ ಡಬ್ಬಿಯೊಳಗೆ ಹತ್ತಿಯಲ್ಲಿ ಸುತ್ತಿಕೊಂಡು ಇದ್ದೇ ಇತ್ತು. ಬೇಜಾರಾದ ದಿನ ತೆಗೆದು ನೋಡಿ ನಗುತ್ತಿದ್ದಳು, ಒಂದೆರಡು ಸಲ ಅತ್ತದ್ದೂ ಉಂಟು. ಹತ್ತಿ ಬಿಡಿಸಿ ಅವರ ಅಂಗೈಗಿಟ್ಟಳು.

ಐದು ಜನ. ಒಬ್ಬನ ಮುಖವೇ ಹಸಿರು. ಒಬ್ಬನ ನೀಲಿ ಗಾಜು ಹೆಲ್ಮೆಟ್ಟು ಬಿಟ್ಟು ಮಂಡಿಗೆ ಬಂದು ಕೂತಿತ್ತು. ಇನ್ನಿಬ್ಬರು ಬಣ್ಣದ ಮುದ್ದೆಯಲ್ಲಿ ಅಂಟಿಕೊಂಡು ಒಬ್ಬರೇ ಆಗಿದ್ದರು. ಐದನೆಯವನಿಗೆ ಬಣ್ಣವೇ ತಾಗಿರಲಿಲ್ಲ. ಪಕ್ಕದಲ್ಲಿ ಬರೀ ಬಿಲ್ಲೆಗೆ ಅಚ್ಚುಕಟ್ಟಾಗಿ ಹಚ್ಚಿದ್ದರು. ಮೇಷ್ಟ್ರು ಅದನ್ನು ಕಿಟಕಿಯ ಕಡೆ ತಿರುಗಿಸಿ, ಹಲ್ಲು ಪರೀಕ್ಷಿಸುವಾಗ ಮಾಡುವಂತೆ, ಎಲ್ಲ ಮಗ್ಗುಲಿನಿಂದಲೂ ನೋಡಿದರು.

"ನಾಳೆ ಲ್ಯಾಬಿಗೆ ಹೋಗ್ತೀರಾ?" ಎಂದು ಆಕೆ ಮೆಲ್ಲಗೆ ಕೇಳಿದಳು.

"ಹೋಗ್ತೀನಿ. ಮೊದ್ಲು ಆಯಮ್ಮನ ಹತ್ರ ಮಾತಾಡ್ಬೇಕು."

ಎದ್ದು ಮೇಜಿನ ಮುಂದಕ್ಕೆ ಹೋದರು. ನಾಲ್ಕನೇ ತುಕಡಿಯ ಸಾಲನ್ನು ಒಂದಂಗುಲ ಹಿಂದೆ ಸರಿಸಿ, ಎಲ್ಲರಿಗಿಂತ ಮುಂದೆ, ಹಲಗೆಯ ನಟ್ಟನಡುವೆ ಆ ಬಿಲ್ಲೆಯನ್ನಿಟ್ಟು, ಪಕ್ಕದಲ್ಲಿ ತಮ್ಮ ಜೇಬಿನ ಭೂತಗನ್ನಡಿ ಇಟ್ಟರು.

"ಅಯ್ಯೋ, ಅದ್ಯಾಕ್ರೀ ಅಲ್ಲಿ! ತೆಗೀರಿ," ಎಂದು ಆಕೆ ಕೈ ಚಾಚಿದಳು. ಮೇಷ್ಟ್ರು ಆ ಕೈಯನ್ನು ಹಿಡಿದುಕೊಂಡರು. ಬಿಡಲಿಲ್ಲ.

ಕಾಲೇಜಿನ ಇಬ್ಬರು ಹುಡುಗಿಯರು ಬಂದರು. ಒಬ್ಬಳು ಗಾಜು ಎತ್ತಿ ಬಾಗಿದವಳು ಕಿಸಕ್ಕನೆ ನಕ್ಕಳು. "ಏ ನೋಡೇ ಇಲ್ಲಿ, ಇವನಿಗೆ ಕಣ್ಣು ಮಂಡೀಲಿದೆ! ಯಾರು ಸಾರ್ ಇದನ್ನ ಮಾಡಿದ್ದು?"

"ನಾನು," ಎಂದರು ಮೇಷ್ಟ್ರು. "ಹಿಂದಿನ ಸಾಲು ಇವಳದು."

ಹುಡುಗಿಯ ನಗು ಅರ್ಧಕ್ಕೇ ನಿಂತಿತು. ಅವಳು ಕೆಂಪಾಗಿ ಗಾಜನ್ನು ಕೆಳಗಿಟ್ಟಳು. ಮೇಷ್ಟ್ರು ಅದನ್ನೆತ್ತಿ ಶರಟಿನ ಚುಂಗಿನಲ್ಲಿ ಒರೆಸಿ ಮತ್ತೆ ಅವಳ ಕೈಗೆ ಕೊಟ್ಟು, "ಸರಿಯಾಗಿ ನೋಡಮ್ಮ, ಇನ್ನಿಬ್ರು ಅಂಟ್ಕೊಂಡಿದಾರೆ," ಎಂದು ತಾವೂ ಅವಳ ಪಕ್ಕ ಬಾಗಿದರು.