ಬರೀ ತುಟಿ

ಹಾರ ಹಾಕಿ ಹಿಂದೆ ಸರಿಯುತ್ತಿದ್ದ ದಿವ್ಯಳ ಮುಂಗೈಯನ್ನು ಶಂಕರಮ್ಮ ಗಟ್ಟಿಯಾಗಿ ಹಿಡಿದುಕೊಂಡರು.

"ಓಗ್ಬ್ಯಾಡ ಕಣವ್ವ. ಮೇಳದೋರೆಲ್ಲಾ ಬಂದಿದ್ದೀರಿ. ನಿಮ್ ಮೇಷ್ಟ್ರಿಗೆ ಆ ನಾಟಿ ಪದ ಒಂದ್ಸಲ ಆಡ್ಬುಡಿ. ಕೇಳ್ಕಂಡು ಓಗ್ಲಿ."

ತೀರಿಕೊಂಡಿದ್ದ ಅವರ ಗಂಡ, ಶಿವಕುಮಾರಸ್ವಾಮಿ ಮೇಷ್ಟ್ರನ್ನು, ಮಣ್ಣಿಗೊಯ್ಯುವ ಮುಂಚೆ ಜಗಲಿಯ ಮೇಲೆ ಕೂರಿಸಿದ್ದರು. ಹಣೆ ತುಂಬ ವಿಭೂತಿ, ತಲೆಗೆ ರುಮಾಲು. ತಾಲೀಮಿನ ಹೊತ್ತಿನಲ್ಲಿ ಕೂರುತ್ತಿದ್ದಂತೆಯೇ ನೆಟ್ಟಗೆ. ಊರಿನ ಹೈಸ್ಕೂಲಿನಲ್ಲಿ ಕನ್ನಡ ಪಾಠ ಅವರ ಕೆಲಸವಾಗಿತ್ತು; ಮಕ್ಕಳ ಹಾಡಿನ ಮೇಳ ಅವರ ಜೀವ.

ಹೊನ್ನೂರಿಗೆ ಸೊಸೆಯಾಗಿ ಹೋಗಿದ್ದ ದಿವ್ಯ ಆಟೋದಲ್ಲಿ ದಾರಿಯುದ್ದಕ್ಕೂ ಅಳುತ್ತಲೇ ಬಂದಿದ್ದಳು. ಮೇಳದ ಹಳಬರು ಒಂಬತ್ತು ಜನ ಅಂಗಳದಲ್ಲಿ ಸಾಲಾಗಿ ನಿಂತರು. ಪದ ಶುರುವಾಯಿತು. ದಿವ್ಯ ತುಟಿ ಆಡಿಸಿದಳು.

*

ಅವಳು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಕೊಳ್ಳೇಗಾಲದಲ್ಲಿ ಶಾಲಾ ಮೇಳಗಳ ಸ್ಪರ್ಧೆಯಿತ್ತು. ಬೇರೆ ಶಾಲೆಯವರು ಕ್ಯಾಸೆಟ್ಟು ಕೇಳಿ ದೊಡ್ಡ ದೊಡ್ಡ ಹಾಡು ಎತ್ತಿಕೊಂಡರೆ, ಮೇಷ್ಟ್ರು ಗದ್ದೆಯ ಬದುವಿನಲ್ಲಿ ಕೂತು ನಾಟಿ ಹಾಕುವ ಹೆಂಗಸರಿಂದ ಒಂದು ಪದ ಕಲಿತು ಬಂದರು. "ದೊಡ್ಡೋರ ಹಾಡು ನಿಮ್ ಗಂಟ್ಲಿಗೆ ಅಪ್ಪನ ಅಂಗಿ ತೊಟ್ಟಂಗೆ. ಇದು ನಿಮ್ ಅಳತೇದು" ಎಂದರು. ಶ್ರುತಿ ಇಳಿಸಿದರು. ಮೊದಲು ಬಾಯಿ ಮುಚ್ಚಿ ಗುನುಗಿಸಿದರು. ಕಡೆಯ ಸಾಲನ್ನೇ ಮೊದಲು ಕಲಿಸಿದರು. ಹಾಡುತ್ತಾ ಹೋದಂತೆ ಚೆನ್ನಾಗಿ ಬರುವ ಸಾಲೇ ಮುಂದೆ ಕಾದಿದ್ದರೆ ಮಕ್ಕಳಿಗೆ ಧೈರ್ಯ ಅಂತ. "ನಿನ್ ದನಿಗಿಂತ ಪಕ್ಕದೋರ್ ದನಿಗೆ ಕಿವಿ ಕೊಡು" ಎಂದು ದಿನಾ ಹೇಳುತ್ತಿದ್ದರು. ತಾಲೀಮಿಗೆ ಬಂದ ಒಬ್ಬರನ್ನೂ ಮೇಳದಿಂದ ಕೈಬಿಡುವುದಿಲ್ಲವೆಂದು ಮಾತು ಕೊಟ್ಟಿದ್ದರು. ದಿವ್ಯಳ ದಪ್ಪ ದನಿಯನ್ನು ಮನೆಯಲ್ಲಿ ಎಲ್ಲರೂ ಆಡಿಕೊಳ್ಳುತ್ತಿದ್ದರು. ಮೇಳದ ಸಾಲಿನಲ್ಲಿ ಮಾತ್ರ ಅದಕ್ಕೊಂದು ಜಾಗವಿತ್ತು.

ವೇದಿಕೆ ಹತ್ತುವ ಮುಂಚೆ ಮೇಷ್ಟ್ರು ಅವಳನ್ನು ಪರದೆಯ ಮರೆಗೆ ಕರೆದರು.

"ದಿವ್ಯ, ನೀನು ಬರೀ ತುಟಿ ಆಡ್ಸವ್ವ. ನಿನ್ನೊಬ್ಬಳ ದನಿಯೇ ಎಡವ್ತಾ ಅದೆ. ಯಾರ್ಗೂ ಏಳ್ಬ್ಯಾಡ, ನಮ್ಮಿಬ್ಬರಲ್ಲೇ ಇರ್ಲಿ."

ಅವಮಾನದಲ್ಲಿ ಅವತ್ತು ಪಕ್ಕದವರ ದನಿ ಅವಳ ಕಿವಿಗೇ ಬೀಳಲಿಲ್ಲ. ಮೊದಲ ಬಹುಮಾನ ಬಂತು. ಆಮೇಲೆ ಅವಳು ಹಾಡಲಿಲ್ಲ. ಮಗಳನ್ನೂ ಬರೀ ತಟ್ಟಿ ಮಲಗಿಸಿದಳು.

*

ಪದ ಅರ್ಧಕ್ಕೆ ಬಂದಾಗ ಹಳೆಯ ಅಭ್ಯಾಸದಂತೆ ಅವಳು ಪಕ್ಕದವಳಿಗೆ ಕಿವಿ ಕೊಟ್ಟಳು. ಕವಿತಳಿಂದ ದನಿಯೇ ಬರುತ್ತಿರಲಿಲ್ಲ. ತುಟಿ ಆಡುತ್ತಿತ್ತು, ಅಷ್ಟೆ.

ಮುಗಿದ ಮೇಲೆ ದಿವ್ಯ ಅವಳನ್ನು ನಲ್ಲಿಯ ಹತ್ತಿರಕ್ಕೆ ಎಳೆದುಕೊಂಡು ಹೋದಳು.

"ನೀನ್ಯಾಕೆ ದನಿ ಬಿಡ್ನಿಲ್ಲ?"

ಕವಿತಳ ಮುಖ ಇಳಿಯಿತು. "ಕೊಳ್ಳೇಗಾಲ್ದಲ್ಲಿ ಮೇಷ್ಟ್ರು ಬ್ಯಾಡ ಅಂದಿದ್ರು ಕಣೆ. ನನ್ನೊಬ್ಬಳ ದನಿಯೇ ಎಡವ್ತದೆ ಅಂತ."

"ನಂಗೂ ಅದೇ ಮಾತು ಅಂದಿದ್ರು! ನನ್ನೊಬ್ಬಳ್ದೇ ಅಂತ!"

ಕಾಲು ತೊಳೆಯುತ್ತಿದ್ದ ಮಾದು ನೆಟ್ಟಗಾದ. ಅವನೂ ಮೇಳದವನೇ. "ನಂಗೂ ಅಂದಿದ್ರು. ಇವತ್ತಿನ್ಗಂಟ ನಮ್ಮನೆಯೋಳ್ಗೂ ಏಳಿಲ್ಲ."

ಅವನೇ ಹೋಗಿ ಉಳಿದವರನ್ನು ವಿಚಾರಿಸಿಕೊಂಡು ಬಂದ. ಅವತ್ತು ನಿಜವಾಗಿ ಹಾಡಿದ್ದು ದೀಪ, ಪ್ರಭುಸ್ವಾಮಿ, ಶಿವಯ್ಯ. ಮೂರೇ ಜನ.

ದನಿ ಚೆನ್ನಾಗಿಲ್ಲ ಎಂದಿದ್ದು ದಿವ್ಯಳಿಗೆ ಈಗ ಉರಿಯಲಿಲ್ಲ. ಆರೂ ಜನಕ್ಕೆ ಒಟ್ಟಿಗೆ ಹೇಳಿದ್ದರೆ ಬಸ್ಸಿನಲ್ಲೇ ನಕ್ಕು ಮರೆತಿರುತ್ತಿದ್ದರು. ಒಬ್ಬೊಬ್ಬರನ್ನೇ ಮರೆಗೆ ಕರೆದು, ನೀನೊಬ್ಬಳೇ ಎಂದಿದ್ದರಲ್ಲ.

"ಬನ್ರವ್ವ," ಶಂಕರಮ್ಮ ಕೂಗಿದರು. "ನಮ್ಮಣ್ಣ ರಾಮಾಪುರದಿಂದ ಈಗ ಬಂದ. ಇನ್ನೊಂದ್ಸಲ ಆಡಿ. ಒಂಬತ್ತು ಜನಾನೂ ಒಂದೇ ಗಂಟ್ಲು ಅಂತಿದ್ರು ನಿಮ್ ಮೇಷ್ಟ್ರು."

"ಏನ್ ಮಾಡದು?" ಕವಿತ ಪಿಸುಗುಟ್ಟಿದಳು.

ದಿವ್ಯ ಅಂಗಳಕ್ಕೆ ನಡೆದಳು. ಸಾಲಿನಲ್ಲಿ ನಿಂತು ಮೇಷ್ಟ್ರ ಮುಖವನ್ನೇ ನೋಡಿದಳು. ಪದ ಎತ್ತಿಕೊಂಡಾಗ ತುಟಿ ತಾನಾಗಿ ತೆರೆಯಿತು. ಮುಚ್ಚಿದಳು. ಅದನ್ನು ಕಂಡು ಕವಿತಳೂ ಮುಚ್ಚಿದಳು. ಮಾದು ತಲೆ ತಗ್ಗಿಸಿದ. ಅವತ್ತು ತುಟಿ ಆಡಿಸಿದ್ದ ಉಳಿದ ಮೂವರ ಬಾಯಿಯೂ ನಿಂತಿತು.

ಅಷ್ಟಗಲದ ಅಂಗಳದಲ್ಲಿ ಮೂರು ದನಿ ತೆಳ್ಳಗೆ ಎದ್ದವು. ದೀಪ ಒಮ್ಮೆ ತಡವರಿಸಿ, ಪಕ್ಕಕ್ಕೆ ನೋಡಿ, ಮತ್ತೆ ಮುಂದುವರಿಸಿದಳು. ತೊಡೆಯ ಮೇಲೆ ತಾಳ ಹಾಕುತ್ತಿದ್ದ ಶಂಕರಮ್ಮನ ಕೈ ನಿಂತಿತು. ಅವರು ಕಣ್ಣೊರೆಸಿಕೊಂಡು, ಸಾಲಿನ ಆ ತುದಿಯಿಂದ ಒಂದೊಂದೇ ಬಾಯಿಯನ್ನು ನೋಡುತ್ತ ಬಂದರು.