ಊರಲ್ಲಿಲ್ಲದ ಮುತ್ತಪ್ಪ

ಎರಡು ಸಾವಿರದ ಒಂದನೇ ಇಸವಿಯ ಮಾರ್ಚ್ ಮೂವತ್ತೊಂದರ ರಾತ್ರಿ ಆಳಾಗಿ ಮಲಗಿದ ನಾನು ಮರುದಿನ ಮಾಲಕನಾಗಿ ಎದ್ದೆ. ಇದಕ್ಕಾಗಿ ನಾನು ಏನೂ ಮಾಡಿರಲಿಲ್ಲ.

ಹುಕ್ಕೇರಿಯಲ್ಲಿ ನಮ್ಮ ಕೊರಿಯರ್ ಕಂಪನಿಯ ಏರಿಯಾ ಆಫೀಸು. ಅಲ್ಲಿನ ಮ್ಯಾನೇಜರ್ ಭೂಪಾಲ ಅವರು ಕಾಗದ ಹಂಚುವ ನಮ್ಮ ಹನ್ನೊಂದು ಜನರನ್ನು ಕೂಡಿಸಿ, ಕೈಗೊಂದು ಪೇಢೆ ಕೊಟ್ಟು, ಮೇಲಿನಿಂದ ಬಂದ ಹುಕುಮು ಓದಿದರು.

"ಇವತ್ತಿನಿಂದ ನೀವು ಯಾರೂ ನೌಕರರಲ್ರಿ. ಎಲ್ಲಾರೂ ಏಜೆಂಟರು, ಅಂದ್ರ ಮಾಲಕರು. ಪಗಾರ ಬಂದ್, ಕಮಿಷನ್ ಚಾಲೂ."

"ಮಾಲಕ ಆದ ಮ್ಯಾಲ ಕೆಲಸ ಏನ ಮಾಡಬೇಕ್ರಿ?" ಎಂದು ಕೇಳಿದೆ.

"ಈಗ ಏನ್ ಮಾಡ್ತೀರಿ, ಅದನ್ನ."

"ಗಾಡಿ?"

"ನಿಮ್ದು. ಪೆಟ್ರೋಲೂ ನಿಮ್ದ."

"ಅಂಗಿ?"

"ಅಂಗಿ ಕಂಪನೀದು, ಮುತ್ತಪ್ಪ. ಅದರ ರೊಕ್ಕ ಅಷ್ಟ ನಿಮ್ದು."

ಪೇಢೆ ಚೆನ್ನಾಗಿತ್ತು. ಅದನ್ನು ತಿಂದೇ ಸಹಿ ಮಾಡಿದೆವು.

ನನ್ನ ಪಾಲಿಗೆ ಗೋಕಾಕ ಪೇಟೆ, ಕೊಣ್ಣೂರ ಮತ್ತು ಮೂಡಲಗಿ. ಬೆಳಿಗ್ಗೆ ಮಮದಾಪುರದ ಮನೆಯಿಂದ ಮೊಪೆಡ್ ಮೇಲೆ ಹೊರಟರೆ ಸಂಜೆಯ ತನಕ ಬಾಗಿಲು ತಟ್ಟುವುದು, ಲಕೋಟೆ ಕೊಡುವುದು, ಹಾಳೆಯ ಮೇಲೆ ಸಹಿ ತೆಗೆದುಕೊಳ್ಳುವುದು. ಪಗಾರ ಇದ್ದಾಗ ತಿಂಗಳಿಗೆ ಎರಡು ಸಾವಿರದ ಇನ್ನೂರು ಕೈಗೆ ಬರುತ್ತಿತ್ತು. ಟ್ಯಾಕ್ಸು ಎಂಬ ಶಬ್ದವನ್ನು ಬೆಲ್ಲದ ವ್ಯಾಪಾರಿಗಳ ಬಾಯಲ್ಲಿ ಕೇಳಿದ್ದೆನೇ ಹೊರತು ನನಗೂ ಅದಕ್ಕೂ ಸಂಬಂಧ ಇರಲಿಲ್ಲ. ಮಾಲಕನಾದ ಮೊದಲ ತಿಂಗಳೇ ಕಮಿಷನ್ನಿನಲ್ಲಿ ನೂರಕ್ಕೆ ಐದು ರೂಪಾಯಿ ಕಡಿದಿದ್ದರು.

ಗೋಕಾಕದಲ್ಲಿ ವ್ಯಾಪಾರಸ್ಥರ ಟ್ಯಾಕ್ಸಿನ ಕೆಲಸ ಮಾಡಿಕೊಡುವ ಅರಿಹಂತನೆಂಬ ಹುಡುಗನಿದ್ದಾನೆ. ದಿನಾ ಅವನಿಗೆ ಲಕೋಟೆ ಕೊಡುವವನು ನಾನೇ. ಕಮಿಷನ್ನಿನ ಚೀಟಿ ತೋರಿಸಿದೆ.

"ಇದು ಸರಕಾರದ ಟ್ಯಾಕ್ಸ್, ಕಾಕಾ. ಖರೆ ಅಂದ್ರ ನಿಮ್ಮ ಗಳಿಕಿಗೆ ಟ್ಯಾಕ್ಸ್ ಬರೂದ ಇಲ್ಲ."

"ಬರೂದಿಲ್ಲಂದ್ರ ಯಾಕ ಕಡೀತಾರ?"

"ತಿರುಗಿ ಕೊಡಾಕ."

ನಾನು ಅವನ ಮುಖ ನೋಡಿದೆ. ಚೇಷ್ಟೆ ಮಾಡುತ್ತಿರಲಿಲ್ಲ. ವರ್ಷ ಮುಗಿದ ಮೇಲೆ ಕಂಪನಿಯವರು ಎಷ್ಟು ಕೊಟ್ಟೆವು, ಎಷ್ಟು ಕಡಿದೆವು ಎಂದು ಒಂದು ಪ್ರಮಾಣಪತ್ರ ಕೊಡಬೇಕು. ಅದನ್ನು ಹಚ್ಚಿ ನಾನು ಅರ್ಜಿ ಹಾಕಬೇಕು. ಅರ್ಜಿ ಹಾಕಲು ಮೊದಲು ಒಂದು ನಂಬರು ತೆಗೆಸಬೇಕು. ಆ ನಂಬರಿಗೂ ಒಂದು ಅರ್ಜಿ. ಆಳಾಗಿದ್ದಾಗ ಅರ್ಜಿ ಬರೆಯುವವರು ಬೇರೆ ಇದ್ದರು. ಮಾಲಕನಾದರೆ ಎಲ್ಲವನ್ನೂ ತಾನೇ ಬರೆದುಕೊಳ್ಳಬೇಕು ಎಂದು ತಿಳಿಯಿತು.

ಇಷ್ಟಕ್ಕೇ ಮುಗಿದಿದ್ದರೆ ಬೈದುಕೊಂಡು ಸುಮ್ಮನಾಗುತ್ತಿದ್ದೆ. ಮರುವರ್ಷ ಜೂನ್‌ನಲ್ಲಿ ಮಗಳು ದೀಪಾಗೆ ಬೆಳಗಾವಿಯಲ್ಲಿ ನರ್ಸಿಂಗ್ ಸೀಟು ಸಿಕ್ಕಿತು. ಹುಡುಗಿಯರ ಸರಕಾರಿ ಹಾಸ್ಟೆಲ್ಲಿನಲ್ಲಿ ಜಾಗ ಸಿಕ್ಕರೆ ಓದು, ಇಲ್ಲವಾದರೆ ಇಲ್ಲ. ಬೆಳಗಾವಿಯಲ್ಲಿ ಖೋಲಿ ಹಿಡಿದು ಓದಿಸುವ ಮಾಲಕ ನಾನಲ್ಲ. ಹಾಸ್ಟೆಲ್ಲಿಗೆ ನನ್ನ ಆದಾಯದ ದಾಖಲೆ ಬೇಕು, ಶನಿವಾರವೇ ಕೊನೆಯ ದಿನ.

ದಾಖಲೆಗೆ ಊರಿನ ಗ್ರಾಮಲೆಕ್ಕಿಗ, ತಲಾಠಿ ಯಲ್ಲಾರಿಯವರ ವರದಿ ಬೇಕು. ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು.

"ಕಂಪನಿ ಅಂಗಿ ಹಾಕ್ಕೊಂಡೀರಿ, ಕಂಪನಿ ಚೀಲ ಹೊತ್ತೀರಿ. ನೌಕರದಾರರು ಪಗಾರ ಚೀಟಿ ತರಬೇಕ್ರಿ."

"ನಾ ನೌಕರ ಅಲ್ರಿ, ಮಾಲಕ."

"ಯಾವ ಅಂಗಡಿ ಮಾಲಕ?"

"ಅಂಗಡಿ ಇಲ್ರಿ."

"ಅಂಗಡಿ ಇಲ್ದ ಮಾಲಕ, ಪಗಾರ ಇಲ್ದ ನೌಕರ. ಏನಂತ ಬರೀಲೋ ತಮ್ಮಾ ನಾನು? ಯಾವದರ ಒಂದು ಕಾಗದ ತಾ."

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ನಾನು ಏನು ಎಂದು ನನಗೇ ಗೊತ್ತಿರಲಿಲ್ಲ.

ಹುಕ್ಕೇರಿಗೆ ಫೋನ್ ಮಾಡಿ ಪಗಾರ ಚೀಟಿ ಕೇಳಿದೆ. ನೌಕರರಲ್ಲದವರಿಗೆ ಪಗಾರ ಚೀಟಿ ಕೊಟ್ಟರೆ ತಮ್ಮ ನೌಕರಿಯೇ ಹೋಗುತ್ತದೆ ಎಂದರು ಭೂಪಾಲ. ಹಾಗಾದರೆ ಕಡಿದ ಟ್ಯಾಕ್ಸಿನ ಪ್ರಮಾಣಪತ್ರವನ್ನಾದರೂ ಕೊಡಿ, ಅದರಲ್ಲಿ ನನ್ನ ವರ್ಷದ ಗಳಿಕೆ ಇರುತ್ತದೆ ಎಂದೆ. ನೋಡೋಣ, ಮೇಲಿನವರನ್ನು ಕೇಳುತ್ತೇನೆ ಎಂದರು. ನೋಡೋಣ ಎಂಬ ಮಾತು ಕೇಳಿದರೆ ನನಗೆ ತಲೆ ತಿರುಗುತ್ತದೆ. ಹದಿನಾಲ್ಕು ತಿಂಗಳ ಅಂಗಿ, ಪೆಟ್ರೋಲು, ಐದು ರೂಪಾಯಿ ಎಲ್ಲ ಸೇರಿಸಿ ಬೈದೆ. ನಿಮ್ಮ ಕಂಪನಿಯ ಹಣೆಬರಹವನ್ನು ಪೇಪರಿಗೆ ಹಾಕಿಸುತ್ತೇನೆ ಎಂದೂ ಹೇಳಿ ಫೋನ್ ಇಟ್ಟೆ.

ಎರಡು ದಿನ ಬಿಟ್ಟು, ಬುಧವಾರ, ಹುಕ್ಕೇರಿಯಿಂದ ಬಂದ ಚೀಲ ಬಿಚ್ಚಿದರೆ ನನ್ನ ಹೆಸರಿಗೇ ಒಂದು ಉದ್ದನೆಯ ಲಕೋಟೆ. ದಪ್ಪ ಅಕ್ಷರದಲ್ಲಿ 'ಮೆಸರ್ಸ್ ಮುತ್ತಪ್ಪ ಮಾಳಪ್ಪ, ಮಾಲಕರು, ಮಮದಾಪುರ'. ಒಡೆಯದೆ ಕೈಯಲ್ಲಿ ಹಿಡಿದು ನಿಂತೆ.

ಇಲ್ಲಿ ನನ್ನ ದಂಧೆಯ ಒಂದು ಮಾತು ಹೇಳಬೇಕು. ಹೆಸರಿಗೆ ಮೊದಲು ಮೆಸರ್ಸ್ ಇರುವ ಉದ್ದ ಲಕೋಟೆ ಹೆಚ್ಚಾಗಿ ವಕೀಲರ ನೋಟೀಸೇ. ಪೇಟೆಯವರಿಗೆ ಅದರ ವಾಸನೆ ದೂರದಿಂದಲೇ ಬಡಿಯುತ್ತದೆ. ಮೂಡಲಗಿಯ ಗೊಬ್ಬರದ ಅಂಗಡಿಯ ಪರಪ್ಪ ಅವರು ನನ್ನ ಎದುರಿಗೇ ಕುರ್ಚಿಯಲ್ಲಿ ಕುಳಿತು, ನನಗೇ ಚಹಾ ತರಿಸಿ, "ಪರಪ್ಪ ಊರಾಗಿಲ್ಲ ಅಂತ ಬರಿಯಪ್ಪಾ" ಎನ್ನುತ್ತಾರೆ. ನಾನು ಬರೆಯುತ್ತೇನೆ. ಲಕೋಟೆ ಹಿಂದೆ ಹೋಗುತ್ತದೆ. ಸಹಿ ಬೀಳದ ನೋಟೀಸು ಬಂದೇ ಇಲ್ಲ ಎಂಬುದು ಪೇಟೆಯ ಕಾಯಿದೆ. ಏಳು ವರ್ಷ ಅದನ್ನು ಪಾಲಿಸಿದವನು ನಾನು.

ನಾನು ಬೈದದ್ದಕ್ಕೆ ಕಂಪನಿ ವಕೀಲರಿಂದ ನೋಟೀಸು ಕೊಡಿಸಿದೆ ಎಂದುಕೊಂಡೆ. ಏಜೆನ್ಸಿ ರದ್ದು, ಮಾನನಷ್ಟ, ಇನ್ನೇನೋ. ಒಡೆದು ನೋಡಿದರೆ ತೆಗೆದುಕೊಂಡಂತೆ. ಹಾಳೆ ತೆಗೆದೆ. 'ಪಡೆಯುವವರು ಊರಲ್ಲಿಲ್ಲ' ಎಂದು ಬರೆದೆ, ಕೆಳಗೆ ಹಂಚುವವನ ಸಹಿ ಹಾಕಿದೆ: ಮುತ್ತಪ್ಪ. ಸಂಜೆಯ ಬಸ್ಸಿಗೆ ಲಕೋಟೆ ಹುಕ್ಕೇರಿಗೆ ವಾಪಸ್ಸು ಹೋಯಿತು. ರಾತ್ರಿ ಹೆಂಡತಿ ಶೆಟ್ಟೆವ್ವನಿಗೆ ಹೇಳಿದೆ. ಶಹಾಣ್ಯಾ ಇದ್ದೀರಿ ಎಂದಳು. ನನ್ನ ಜಾಣತನವನ್ನು ಹೊಗಳಿದಳೆಂದೇ ತಿಳಿದೆ.

ಗುರುವಾರ ಬೆಳಿಗ್ಗೆ ಭೂಪಾಲರೇ ಫೋನ್ ಮಾಡಿದರು.

"ಮುತ್ತಪ್ಪ, ಎಲ್ಲಿಗೆ ಹೋಗೀರಿ?"

"ಎಲ್ಲಿಗೂ ಇಲ್ರಿ. ಗೋಕಾಕದಾಗ ಅದೇನಿ."

"ನೀವ ಬರದೀರಲ್ರಿ, ನೀವು ಊರಾಗಿಲ್ಲ ಅಂತ. ಮೇಲಿನವರನ್ನ ಕಾಡಿ ಬೇಡಿ ನಿಮ್ಮ ಟ್ಯಾಕ್ಸಿನ ಪ್ರಮಾಣಪತ್ರ ತರಿಸಿ ಕಳಿಸಿದ್ನಿ. ಅದು ಸಂಜಿಕ ಹೊಳ್ಳಿ ನನ್ನ ಮೇಜಿಗೆ ಬಂದೈತಿ."

ಮೊಪೆಡ್ ಹತ್ತಿ ಹುಕ್ಕೇರಿ ಮುಟ್ಟುವ ತನಕ ಪರಪ್ಪ ಅವರನ್ನು ಬೈದೆ. ಅವರದೇನೂ ತಪ್ಪಿರಲಿಲ್ಲ. ಬೈಯಲು ನನ್ನನ್ನು ಬಿಟ್ಟು ಬೇರೆ ಯಾರಾದರೂ ಬೇಕಾಗಿತ್ತು.

ಲಕೋಟೆ ಭೂಪಾಲರ ಮೇಜಿನ ಮೇಲೆ ಇತ್ತು. ಕೈ ಚಾಚಿದೆ. ಅವರು ಅದರ ಮೇಲೆ ತಮ್ಮ ಕೈ ಇಟ್ಟರು.

"ಹಂಗ ಕೊಡಾಕ ಬರೂದಿಲ್ರಿ. ವಾಪಸ್ ಬಂದ ಮಾಲು ಏಜೆಂಟರ ಕೈಯಾಗ ಕೊಡಬಾರದಂತ ಕಾನೂನ ಐತಿ."

"ಅದರ ಮ್ಯಾಲ ನನ್ನ ಹೆಸರ ಐತ್ರಿ."

"ಐತ್ರಿ. ಆ ಹೆಸರಿನವರು ಗಿರಾಕಿ. ನೀವು ಏಜೆಂಟರು. ಗಿರಾಕಿ ಊರಾಗಿಲ್ಲ ಅಂತ ಏಜೆಂಟರು ಬರದು ಕೊಟ್ಟಾರ. ಇನ್ನ ಗಿರಾಕಿ ಬಂದು, ನಾ ಊರಾಗ ಇದ್ದೆ, ಏಜೆಂಟ ಸುಳ್ಳ ಬರದಾನ ಅಂತ ತಕರಾರು ಕೊಡಬೇಕು. ಕೊಟ್ಟ ಕೂಡ್ಲೆ ಲಕೋಟೆ ಅವರ ಕೈಗೆ, ಸುಳ್ಳ ಬರದ ಏಜೆಂಟರಿಗೆ ನೂರು ರೂಪಾಯಿ ದಂಡ."

ಮನುಷ್ಯ ಕೆಟ್ಟವರಲ್ಲ. ಹೇಳುವಾಗ ಅವರ ಮುಖದಲ್ಲಿ ಬೇಸರವೇ ಇತ್ತು. ಹಿಂದೆ ಗಾಜಿನ ಬೀರುವಿನಲ್ಲಿ ಕಾನೂನಿನ ಪುಸ್ತಕ ಇತ್ತು. ಮುಂದೆ ನನ್ನ ಮಗಳ ಹಾಸ್ಟೆಲ್ಲು ಇತ್ತು, ಅವರ ಅಂಗೈ ಕೆಳಗೆ.

ಕಾಗದ ಇಸಿದುಕೊಂಡು ಬೆಂಚಿನ ಮೇಲೆ ಕುಳಿತೆ. ಏಳನೇ ಇಯತ್ತೆಯಲ್ಲಿ ಕಲಿತ ಅರ್ಜಿ ಇನ್ನೂ ನೆನಪಿದೆ. ಶುರು ಮಾಡುವಾಗ ಎರಡು ಸಾಲಿನಲ್ಲಿ ಮುಗಿಸಬೇಕೆಂದಿದ್ದೆ. ಬರೆಯುತ್ತ ಬರೆಯುತ್ತ ಸಿಟ್ಟು ಏರಿತು. ಮನೆಯಲ್ಲಿ ಬೆಳೆದ ಮಗಳು ಶನಿವಾರಕ್ಕಾಗಿ ಕಾಯುತ್ತಿರುವಾಗ ಈ ಹೇಡಿಯು ಲಕೋಟೆಯನ್ನು ಬಿಚ್ಚಿ ಸಹ ನೋಡದೆ ಹಿಂದಕ್ಕೆ ಕಳಿಸಿದ್ದಾನೆ. ಏಳು ವರ್ಷಗಳಿಂದ ಒಂದು ಕಪ್ಪು ಚಹಾದ ಆಸೆಗೆ ಊರಲ್ಲಿದ್ದವರನ್ನು ಊರಲ್ಲಿಲ್ಲ ಎಂದು ಬರೆಯುತ್ತ ಬಂದಿದ್ದಾನೆ. ಇಂಥವನನ್ನು ಈಗಿಂದೀಗಲೇ ಕೆಲಸದಿಂದ ತೆಗೆದುಹಾಕಬೇಕೆಂದು ವಿನಂತಿ. ಎರಡೂ ಮಗ್ಗುಲು ತುಂಬಿತು. ಒಂದು ಶಬ್ದವೂ ಸುಳ್ಳಿರಲಿಲ್ಲ.

ಭೂಪಾಲ ಪೂರ್ತಿ ಓದಿದರು. ಚಷ್ಮಾ ತೆಗೆದು ಒರೆಸಿಕೊಂಡರು.

"ತಕರಾರು ಛಲೋ ಬರದೀರಿ. ಆದ್ರ ಕಡೀ ಸಾಲು ಹೊಡದ ಹಾಕ್ರಿ."

"ಯಾಕ್ರಿ?"

"ಅವನ್ನ ಕೆಲಸದಿಂದ ತೆಗಿಯಾಕ ಬರೂದಿಲ್ರಿ. ಅವ ನಮ್ಮ ನೌಕರನ ಅಲ್ಲ."

ಹೊಡೆದು ಹಾಕಿದೆ. ಲಕೋಟೆ ಕೈಗೆ ಬಂತು. ಗಿರಾಕಿಯ ಜಾಗದಲ್ಲಿ ಸಹಿ ಮಾಡಿದೆ. ದಂಡದ ಚೀಟಿ ಬಂತು, ಏಜೆಂಟನ ಜಾಗದಲ್ಲಿ ಸಹಿ ಮಾಡಿದೆ. ಜೊತೆಗೆ ತೊಂದರೆಯಾದ ಗಿರಾಕಿಗೆ ಕಂಪನಿಯು ಕ್ಷಮೆ ಕೇಳುವ ಅಚ್ಚಿನ ಪತ್ರ ಒಂದನ್ನೂ ಕೊಟ್ಟರು. ಹದಿನಾಲ್ಕು ತಿಂಗಳಲ್ಲಿ ಅವರು ನನಗೆ ಮರ್ಯಾದೆಯಿಂದ ಬರೆದದ್ದು ಅದೊಂದೇ.

ಪ್ರಮಾಣಪತ್ರದಲ್ಲಿ ಇತ್ತು: ವರ್ಷದ ಕಮಿಷನ್ ಇಪ್ಪತ್ತೇಳು ಸಾವಿರದ ನಾಲ್ಕುನೂರು, ಕಡಿದ ಟ್ಯಾಕ್ಸು ಒಂದು ಸಾವಿರದ ಮುನ್ನೂರ ಎಪ್ಪತ್ತು. ತಲಾಠಿ ಯಲ್ಲಾರಿಯವರು ಅದನ್ನು ಎರಡು ಸಲ ಓದಿದರು.

"ಟ್ಯಾಕ್ಸ್ ತುಂಬೂ ಮನಿಶಾ ಆಗಿ ಮಗಳಿಗೆ ಸರಕಾರಿ ಹಾಸ್ಟೆಲ್ ಕೇಳ್ತೀಯಲ್ಲೋ" ಎಂದರು.

"ತಿರುಗಿ ಕೊಡಾಕ ಕಡದಾರಂತ್ರಿ" ಎಂದೆ.

ಅವರು ನನ್ನನ್ನು ಕನಿಕರದಿಂದ ನೋಡಿ ವರದಿ ಬರೆದುಕೊಟ್ಟರು. ಶುಕ್ರವಾರ ಸಂಜೆ ದಾಖಲೆ ಕೈಗೆ ಬಂತು.

ಶನಿವಾರ ಅಪ್ಪ ಮಗಳು ಬೆಳಗಾವಿಗೆ ಹೋದೆವು. ಹಾಸ್ಟೆಲ್ಲಿನ ವಾರ್ಡನ್ ಬಾಯಿಯವರು ಕಾಗದ ನೋಡಿ ಬಾಜೂಕ್ಕೆ ಇಟ್ಟು, ದಪ್ಪ ವಹಿಯಲ್ಲಿ ದೀಪಾಳ ಹೆಸರು ಬರೆದರು.

"ಅಪ್ಪ ಏನ್ ಮಾಡ್ತಾರ?"

ನಾನು ಬಾಯಿ ತೆರೆದೆ. ನೌಕರ ಅನ್ನಲೋ ಮಾಲಕ ಅನ್ನಲೋ ಎಂದು ಯೋಚಿಸುವುದರೊಳಗೆ ದೀಪಾ ಹೇಳಿದಳು:

"ಮೊಪೆಡ್ ಮ್ಯಾಲ ಮನಿಮನಿಗೆ ಕಾಗದ ಕೊಡ್ತಾರ್ರಿ."

ವಾರ್ಡನ್ ಬಾಯಿ ಅಷ್ಟನ್ನೇ ಬರೆದುಕೊಂಡರು. ಅದಕ್ಕೆ ಅವರು ಯಾವ ಪ್ರಮಾಣಪತ್ರವನ್ನೂ ಕೇಳಲಿಲ್ಲ. ಮಂಚದ ನಂಬರು ಹೇಳಿ, ಟ್ರಂಕು ಎತ್ತಿಕೊಂಡು ಮೇಲೆ ಹೋಗಲು ಹೇಳಿದರು.